ಹಿತ್ತಲಿನ ಚಿಗುರು, ಬಿಳಿಬಾಲದ ಜಿಂಕೆ

ಬೆಳಿಗ್ಗೆ ಎದ್ದು ನೋಡಿದರೆ ಬೀನ್ಸ್ ಗಿಡಗಳಿಗೆ ತುದಿಯೇ ಇಲ್ಲ. ಆಗ ಮೊದಲು ಉಳಿದಿರುವ ಕಾಂಡವನ್ನು ನೋಡಬೇಕು. ನಯವಾಗಿ, ಓರೆಯಾಗಿ ತುಂಡಾಗಿದ್ದರೆ ಅದು ಮೊಲದ ಕೆಲಸ. ನಾರು ಬಿಟ್ಟುಕೊಂಡು ಜಗ್ಗಿ ಹರಿದಂತಿದ್ದರೆ ಬಂದು ಹೋದದ್ದು ಜಿಂಕೆ. ಹಸು, ಕುರಿಗಳ ಹಾಗೆ ಜಿಂಕೆಗೂ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಆ ಜಾಗದಲ್ಲಿ ಗಟ್ಟಿ ವಸಡಿದೆ. ಚಿಗುರನ್ನು ಕೆಳಗಿನ ಹಲ್ಲಿಗೂ ಮೇಲಿನ ವಸಡಿಗೂ ನಡುವೆ ಹಿಡಿದು, ತಲೆಯನ್ನು ಒಮ್ಮೆ ಎಳೆದು ಕಿತ್ತುಕೊಳ್ಳುತ್ತದೆ. ಎತ್ತರವನ್ನೂ ಗಮನಿಸಬೇಕು. ಹಿಮ ಬಿದ್ದು ನೆಲ ಏರಿದ ದಿನಗಳನ್ನು ಬಿಟ್ಟರೆ ಮೊಲಕ್ಕೆ ಎರಡಡಿಗಿಂತ ಮೇಲೆ ಎಟುಕುವುದು ಕಷ್ಟ. ಜಿಂಕೆ ಆರಡಿಯವರೆಗೂ ಮೇಯುತ್ತದೆ.

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ, ಅಂದರೆ ನ್ಯೂಜೆರ್ಸಿ, ನ್ಯೂಯಾರ್ಕ್, ಕನೆಕ್ಟಿಕಟ್, ಪೆನ್ಸಿಲ್ವೇನಿಯಾ ಕಡೆ, ಹಿತ್ತಿಲಲ್ಲಿ ನಾಲ್ಕು ಗಿಡ ಹಾಕಿಕೊಂಡವರಿಗೆ ಈ ಪರೀಕ್ಷೆ ಚೆನ್ನಾಗಿ ಗೊತ್ತು. ಅಲ್ಲಿ ನೆಲೆ ನಿಂತ ಕನ್ನಡದ ಮನೆಗಳಿಗೂ ಗೊತ್ತು. ಮೇ ತಿಂಗಳ ನಡುವೆ ಹಿಮದ ಭಯ ಕಳೆದ ಮೇಲೆ ಮೆಂತ್ಯ, ದಂಟು, ಬೆಂಡೆ, ಸೋರೆ, ಅವರೆ ಬಿತ್ತಿ, ಅಕ್ಟೋಬರಿನಲ್ಲಿ ಮತ್ತೆ ಹಿಮ ಕಟ್ಟುವುದರೊಳಗೆ ಬೆಳೆ ಕಾಣಬೇಕು. ಕೈಯಲ್ಲಿರುವುದು ಐದೇ ತಿಂಗಳು. ಹಗಲು ಕಿರಿದಾಗುವ ತನಕ ಹೂ ಬಿಡದ ಅವರೆ ಬಳ್ಳಿಗಂತೂ ಕಾಯಿ ಕಟ್ಟಲು ಕೆಲವೇ ವಾರ ಸಿಗುತ್ತದೆ. ಜೂನ್‌ನ ಒಂದು ರಾತ್ರಿ ಚಪ್ಪರ ಖಾಲಿಯಾದರೆ ಮತ್ತೆ ಬಿತ್ತಿ ಬೆಳೆಯಲು ಕಾಲ ಉಳಿದಿರುವುದಿಲ್ಲ. ಅಂಥ ಬೆಳಗಿನಲ್ಲಿ ಆಗುವ ಸಂಕಟ ಸಣ್ಣದಲ್ಲ.

ಬರುವುದು ಬಿಳಿಬಾಲದ ಜಿಂಕೆ. ನಮ್ಮ ಚುಕ್ಕೆ ಜಿಂಕೆಯಂತೆ ಇದಕ್ಕೆ ಬದುಕಿಡೀ ಚುಕ್ಕೆ ಇರುವುದಿಲ್ಲ. ಮರಿಗಳಿಗೆ ಮಾತ್ರ, ಅದೂ ಮೊದಲ ಕೆಲವು ತಿಂಗಳು. ಬೇಸಿಗೆಯಲ್ಲಿ ಕೆಂಗಂದು, ಚಳಿಗಾಲದಲ್ಲಿ ಬೂದುಗಂದು. ಬೆದರಿದರೆ ಬಾಲವನ್ನು ನೆಟ್ಟಗೆ ಎತ್ತಿ, ಅದರ ಅಡಿಯ ಬಿಳಿಯನ್ನು ತೋರಿಸುತ್ತಾ ಓಡುತ್ತದೆ.

ಕಾಡು ಕಡಿದು ಮನೆ ಕಟ್ಟಿದ್ದೇವೆ, ಮೇವಿಲ್ಲದ ಪ್ರಾಣಿ ಬಾಗಿಲಿಗೆ ಬಂದಿದೆ ಎಂದು ಮರುಗುವವರು ಬಹಳ. ಮರುಕ ಒಳ್ಳೆಯದೇ. ಆದರೆ ಈ ಜಿಂಕೆಯ ಕತೆ ಬೇರೆ. ಯುರೋಪಿನವರು ಬರುವ ಮೊದಲು ಉತ್ತರ ಅಮೆರಿಕದಲ್ಲಿ ಕೋಟಿಗಳಲ್ಲಿದ್ದ ಬಿಳಿಬಾಲದ ಜಿಂಕೆ, 1900ರ ಹೊತ್ತಿಗೆ ಐದು ಲಕ್ಷಕ್ಕೂ ಕೆಳಗೆ ಇಳಿದಿತ್ತು. ಚರ್ಮಕ್ಕಾಗಿ, ಮಾಂಸಕ್ಕಾಗಿ ವರ್ಷವಿಡೀ ಬೇಟೆ ನಡೆಯುತ್ತಿತ್ತು. ರೈಲು ಬಂದ ಮೇಲೆ ಜಿಂಕೆ ಮಾಂಸ ದೂರದ ನಗರಗಳ ಮಾರುಕಟ್ಟೆಗೆ ಹೋಗತೊಡಗಿತು. ಪೂರ್ವದ ಎಷ್ಟೋ ಜಿಲ್ಲೆಗಳಲ್ಲಿ ಒಂದು ಜಿಂಕೆ ಕಂಡರೆ ಸುದ್ದಿಯಾಗುವ ಸ್ಥಿತಿ. 1900ರಲ್ಲಿ ಬಂದ ಲೇಸಿ ಕಾಯ್ದೆ, ಕಳ್ಳಬೇಟೆಯ ಮಾಂಸ, ಚರ್ಮಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ನಿಷೇಧಿಸಿತು. ರಾಜ್ಯಗಳು ಬೇಟೆಗೆ ಕಾಲ, ಮಿತಿ ನಿಗದಿ ಮಾಡಿದವು. ಬೇರೆಡೆಯಿಂದ ಜಿಂಕೆಗಳನ್ನು ತಂದು ಬಿಟ್ಟವು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂದೂಕು, ಮದ್ದುಗುಂಡುಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ತಿರುಗಿಸಿತು. ಇವತ್ತು ಆ ಜಿಂಕೆಗಳ ಸಂಖ್ಯೆ ಸುಮಾರು ಮೂರು ಕೋಟಿ ಎಂದು ಅಂದಾಜು.

ಅಳಿವಿನಂಚಿಗೆ ಹೋದ ಪ್ರಾಣಿಯನ್ನು ಮನುಷ್ಯರು ಕೈಹಿಡಿದು ಎತ್ತಿದ ದೊಡ್ಡ ಗೆಲುವುಗಳಲ್ಲಿ ಇದೂ ಒಂದು. ಅದನ್ನು ಮರೆತು ಇಂದಿನ ತಕರಾರನ್ನಷ್ಟೇ ಹೇಳುವುದು ನ್ಯಾಯವಲ್ಲ. ಆದರೆ ಗೆಲುವು ಅಲ್ಲಿಗೇ ನಿಲ್ಲಲಿಲ್ಲ. ಜಿಂಕೆಯನ್ನು ತಿನ್ನುತ್ತಿದ್ದ ತೋಳ, ಪೂಮಾಗಳು ಅಷ್ಟರಲ್ಲಿ ಪೂರ್ವ ರಾಜ್ಯಗಳಿಂದ ಮಾಯವಾಗಿದ್ದವು. ಕಯೋಟಿ, ಕರಡಿಗಳು ಮರಿಗಳನ್ನು ಹಿಡಿಯುತ್ತವೆ ನಿಜ, ಮನೆಗಳ ನಡುವೆ ಅವುಗಳ ಆಟ ನಡೆಯುವುದು ಕಡಿಮೆ. ಎರಡನೇ ಮಹಾಯುದ್ಧದ ನಂತರ ನಗರಗಳ ಸುತ್ತ ಬಡಾವಣೆಗಳು ಹಬ್ಬಿದವು. ಮನೆಗೊಂದು ಹುಲ್ಲುಹಾಸು, ಅದರ ಅಂಚಿಗೆ ಹೂಗಿಡ, ಹಿಂದೆ ಒಂದಿಷ್ಟು ಮರಗಳ ತೋಪು, ಆಚೆಗೆ ತೊರೆ.

ಜಿಂಕೆ ದಟ್ಟ ಕಾಡಿನ ಪ್ರಾಣಿಯಲ್ಲ, ಕಾಡಂಚಿನದು. ಹತ್ತಾರು ಅಡಿ ಎತ್ತರದ ಮರಗಳ ಕೆಳಗೆ ಬೆಳಕಿಲ್ಲದ ಕಡೆ ಅದಕ್ಕೆ ಎಟುಕುವ ಎಲೆ ಸಿಗುವುದು ಕಡಿಮೆ. ಬಿಸಿಲು ಬೀಳುವ ಬಯಲಲ್ಲಿ ಮೇವು, ಪಕ್ಕದ ಮರಗಳ ಮರೆಯಲ್ಲಿ ಅಡಗುವ ಜಾಗ, ಎರಡೂ ಕೂಡುವ ಕಡೆ ಅದರ ಬದುಕು. ಬಡಾವಣೆಯೆಂದರೆ ಮೈಲಿಗಟ್ಟಲೆ ಅಂಚು. ಗೊಬ್ಬರ ಹಾಕಿ, ನೀರುಣಿಸಿ ಬೆಳೆಸಿದ ಗಿಡಗಳಲ್ಲಿ ಕಾಡಿನ ಒರಟು ಎಲೆಗಿಂತ ಸತ್ವ ಹೆಚ್ಚು, ನಾರು ಕಡಿಮೆ. ಸಾಲದ್ದಕ್ಕೆ ಬೇಟೆಯ ಭಯವೂ ಇಲ್ಲ: ನ್ಯೂಜೆರ್ಸಿಯ ಕಾನೂನಿನಂತೆ ಮನೆಗಳಿಂದ 450 ಅಡಿಯೊಳಗೆ ಬೇಟೆಗೆ ಕೋವಿ ಬಳಸುವಂತಿಲ್ಲ. ಒತ್ತೊತ್ತಾಗಿ ಮನೆಗಳಿರುವ ಕಡೆ ಇದರರ್ಥ ಇಡೀ ಊರೇ ಜಿಂಕೆಗೆ ಆಶ್ರಯ. ಹಿತ್ತಲಿಗೆ ಜಿಂಕೆ ದಿಕ್ಕಿಲ್ಲದೆ ಬರುತ್ತಿಲ್ಲ, ತನಗೆ ಹೇಳಿ ಮಾಡಿಸಿದಂಥ ಜಾಗಕ್ಕೆ ಬರುತ್ತಿದೆ. ಅದನ್ನು ಮಾಡಿಕೊಟ್ಟವರು ತೋಟಗಾರರೇ. ಈ ಮಾತನ್ನು ಒಪ್ಪಿಕೊಳ್ಳದೆ ಮುಂದಿನ ಯಾವ ಉಪಾಯವೂ ಸರಿಯಾಗಿ ಅರ್ಥವಾಗುವುದಿಲ್ಲ.

ಅನುಕೂಲ ಸಿಕ್ಕಾಗ ಅದು ಎಷ್ಟು ಬೇಗ ಬೆಳೆಯುತ್ತದೆ ಎಂಬುದಕ್ಕೆ ಮಿಷಿಗನ್ ವಿಶ್ವವಿದ್ಯಾಲಯದ ಜಾರ್ಜ್ ರಿಸರ್ವ್ ಎಂಬ ಬೇಲಿಯೊಳಗಿನ ಕಾಡಿನ ಉದಾಹರಣೆಯನ್ನು ವನ್ಯಜೀವಿ ವಿಜ್ಞಾನಿಗಳು ತಪ್ಪದೆ ಕೊಡುತ್ತಾರೆ. 1928ರಲ್ಲಿ ಅಲ್ಲಿ ಬಿಟ್ಟದ್ದು ನಾಲ್ಕು ಹೆಣ್ಣು, ಎರಡು ಗಂಡು. ಆರು ವರ್ಷದೊಳಗೆ ಎಣಿಸಿದಾಗ 160 ಸಿಕ್ಕವು. ಹೆಣ್ಣು ಜಿಂಕೆ ಸುಮಾರು 200 ದಿನ ಗರ್ಭ ಹೊತ್ತು, ಮೇ-ಜೂನ್‌ನಲ್ಲಿ ಈಯುತ್ತದೆ. ಮೇವು ಚೆನ್ನಾಗಿದ್ದರೆ ಅವಳಿ ಮರಿ ಸಾಮಾನ್ಯ. ಹೆಣ್ಣುಮರಿಗಳು ದೊಡ್ಡವಾದ ಮೇಲೂ ತಾಯಿಯ ಆಸುಪಾಸಿನಲ್ಲೇ ಉಳಿಯುತ್ತವೆ. ಹಾಗಾಗಿ ಒಂದು ಬೀದಿಯ ಹಿತ್ತಲುಗಳ ದಾರಿ ತಾಯಿಯಿಂದ ಮಗಳಿಗೆ ಬಳಕೆಯಾಗಿ ಬರುತ್ತದೆ. ಎಲ್ಲಿ ಬೇಲಿ ಸಡಿಲ, ಯಾವ ಮನೆಯಲ್ಲಿ ನಾಯಿಯಿದೆ, ಅದನ್ನು ಯಾವಾಗ ಒಳಗೆ ಕರೆದುಕೊಳ್ಳುತ್ತಾರೆ, ಎಲ್ಲವನ್ನೂ ಅವು ಕಲಿತಿರುತ್ತವೆ.

ಏನು ತಿನ್ನುತ್ತವೆ ಎಂಬ ಪ್ರಶ್ನೆಗೆ ಉತ್ತರ ಋತುವಿನಿಂದ ಋತುವಿಗೆ ಬದಲಾಗುತ್ತದೆ. ವಸಂತದಲ್ಲಿ ಗರ್ಭ ಹೊತ್ತ ಹೆಣ್ಣುಗಳಿಗೆ, ಹೊಸ ಕೊಂಬು ಬೆಳೆಸುತ್ತಿರುವ ಗಂಡುಗಳಿಗೆ ಪ್ರೋಟೀನ್ ಬೇಕು. ಎಳೆ ಚಿಗುರಿಗೆ ಮುಗಿಬೀಳುತ್ತವೆ. ಶರತ್ಕಾಲದಲ್ಲಿ ಓಕ್ ಮರದ ಬೀಜಗಳನ್ನು ಆಯ್ದು ತಿಂದು ಕೊಬ್ಬು ಕೂಡಿಸಿಕೊಳ್ಳುತ್ತವೆ. ಚಳಿಗಾಲದಲ್ಲಿ ಎಲೆಗಳೆಲ್ಲ ಉದುರಿದ ಮೇಲೆ ಒಣಕಲು ಕಡ್ಡಿ, ಮೊಗ್ಗು, ತೊಗಟೆಗಳೇ ಗತಿ. ಆಗ ಹಸಿರಾಗಿಯೇ ಉಳಿಯುವ ಆರ್ಬರ್‌ವೈಟಿ ಬೇಲಿಗಿಡಗಳನ್ನು ಎಟುಕುವಷ್ಟು ಎತ್ತರಕ್ಕೆ ಬೋಳಿಸಿಬಿಡುತ್ತವೆ. ಮೇಲೆ ಹಸಿರು, ಕೆಳಗೆ ಬರಿಯ ಕಾಂಡ. ಅಲ್ಲಿನ ಬೀದಿಗಳಲ್ಲಿ ಈ ನೋಟ ಎಷ್ಟು ಸಾಮಾನ್ಯವೆಂದರೆ ಗಿಡ ಬೆಳೆಯುವುದೇ ಹಾಗೆ ಎಂದು ಹೊಸಬರು ತಿಳಿಯಬಹುದು.

ಹೋಸ್ಟಾ, ಟ್ಯೂಲಿಪ್, ಗುಲಾಬಿ, ಅಜೇಲಿಯಾ, ಯೂ ಗಿಡಗಳನ್ನು ಕಂಡರೆ ಜಿಂಕೆಗೆ ಬಲು ಆಸೆ. ತರಕಾರಿಗಳಲ್ಲಿ ಬೀನ್ಸ್, ಬಟಾಣಿ, ಲೆಟಿಸ್, ಗೆಣಸಿನ ಎಲೆ, ಬೆಂಡೆಯ ಎಳೆ ಚಿಗುರು, ಸ್ಟ್ರಾಬೆರಿ. ಟೊಮೆಟೊ ಗಿಡದ ವಾಸನೆಗೆ ಹತ್ತಿರ ಬಾರದು ಎಂದು ನಂಬಿದವರು ತುದಿ ಕಳೆದುಕೊಂಡ ಗಿಡ ನೋಡಿ ಬೇಸರಪಟ್ಟಿದ್ದಾರೆ. ಮೆಣಸಿನ ಗಿಡವೂ ತಪ್ಪಿಸಿಕೊಳ್ಳುವುದಿಲ್ಲ. ಖಾರವಿರುವುದು ಕಾಯಲ್ಲಿ, ಎಲೆಯಲ್ಲಲ್ಲ. ಅದೇ ಬೆಳ್ಳುಳ್ಳಿ, ಈರುಳ್ಳಿ, ಪುದೀನ, ಲ್ಯಾವೆಂಡರ್, ರೋಸ್‌ಮೇರಿಗಳ ಕಡೆಗೆ ಮೂತಿ ತಿರುಗಿಸುವುದಿಲ್ಲ. ಡ್ಯಾಫೊಡಿಲ್ ಗಡ್ಡೆ, ಎಲೆ, ಹೂವಿನಲ್ಲಿ ಲೈಕೊರಿನ್ ಎಂಬ ವಿಷವಿರುವುದರಿಂದ ಟ್ಯೂಲಿಪ್ ಮಾಯವಾದ ತೋಟದಲ್ಲೂ ಅದು ನಿರಾತಂಕವಾಗಿ ಅರಳುತ್ತದೆ.

ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದ ಕೃಷಿ ಪ್ರಯೋಗ ಕೇಂದ್ರ ಈ ಅನುಭವವನ್ನೆಲ್ಲ ಒಟ್ಟುಮಾಡಿ ಅಲಂಕಾರ ಗಿಡಗಳ ಪಟ್ಟಿ ಮಾಡಿದೆ. ಅದರಲ್ಲಿ ನಾಲ್ಕು ದರ್ಜೆಗಳಿವೆ: ಅಪರೂಪಕ್ಕೆ ಹಾನಿಯಾಗುವವು, ಹೆಚ್ಚು ಹಾನಿಯಾಗುವುದು ಅಪರೂಪವಾದವು, ಆಗಾಗ ತೀವ್ರ ಹಾನಿಗೆ ಒಳಗಾಗುವವು, ಪದೇ ಪದೇ ತೀವ್ರ ಹಾನಿಗೆ ಒಳಗಾಗುವವು. ಜಿಂಕೆ ಮುಟ್ಟುವುದೇ ಇಲ್ಲ ಎಂಬ ಐದನೇ ದರ್ಜೆ ಇಲ್ಲದಿರುವುದು ಪಟ್ಟಿ ಮಾಡಿದವರ ಪ್ರಾಮಾಣಿಕತೆ. ಹಸಿವು ಹೆಚ್ಚಿದ ಚಳಿಗಾಲದಲ್ಲಿ, ಜಿಂಕೆ ಕಿಕ್ಕಿರಿದ ಊರಿನಲ್ಲಿ ಯಾವ ಗಿಡಕ್ಕೂ ಖಾತರಿಯಿಲ್ಲ. ತಾಯಿಯ ಜೊತೆ ಮೊದಲ ಬಾರಿ ತಿರುಗಾಡುವ ಮರಿಗಳು ಬೇಡವಾದ ಗಿಡವನ್ನೂ ಒಂದು ಬಾಯಿ ಕಚ್ಚಿ ಉಗುಳುತ್ತವೆ. ಆಗಷ್ಟೇ ನೆಟ್ಟ ಸಸಿ ಅಷ್ಟಕ್ಕೇ ಬುಡಸಹಿತ ಕಿತ್ತುಬರುತ್ತದೆ.

ಅಂಗಡಿಯಲ್ಲಿ ಸಿಗುವ ಸಿಂಪರಣೆಗಳ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬಾರದು, ಹಾಗೆಂದು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಹೆಚ್ಚಿನವು ಕೊಳೆತ ಮೊಟ್ಟೆಯಿಂದ, ಒಣಗಿಸಿದ ರಕ್ತದಿಂದ ಮಾಡಿದವು. ಎಲೆ ತಿನ್ನುವ ಪ್ರಾಣಿಗೆ ಮಾಂಸ ಕೊಳೆತ ವಾಸನೆ ಅಪಾಯದ ಸೂಚನೆ. ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದವರು ಇಂಥ ಹಲವು ಔಷಧಗಳನ್ನು ಯೂ ಗಿಡಗಳ ಮೇಲೆ ಸಿಂಪಡಿಸಿ, ಬೇಲಿಯೊಳಗಿನ ಗಿಡಗಳ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದರು. ಕೆಲವು ಚೆನ್ನಾಗಿಯೇ ಕೆಲಸ ಮಾಡಿದವು. ಪೂರ್ತಿ ರಕ್ಷಣೆ ಯಾವುದೂ ಕೊಡಲಿಲ್ಲ. ತೊಡಕಿರುವುದು ಬಳಕೆಯಲ್ಲಿ. ಮಳೆಗೆ ತೊಳೆದುಹೋಗುತ್ತದೆ, ಸಿಂಪಡಿಸಿದ ಮೇಲೆ ಬಂದ ಹೊಸ ಚಿಗುರಿಗೆ ಕಾವಲಿಲ್ಲ, ಜಿಂಕೆಗೆ ಬೇಕಾದದ್ದು ಆ ಚಿಗುರೇ. ಸೊಪ್ಪು ತರಕಾರಿಗೆ ಇಂಥವನ್ನು ಹೊಡೆದರೆ ಮನೆಯವರೂ ತಿನ್ನುವಂತಿಲ್ಲ. ಸೋಪಿನ ಬಿಲ್ಲೆಯನ್ನು ಮರಕ್ಕೆ ತೂಗುಹಾಕುವ ಉಪಾಯ ಅದರ ಸುತ್ತ ಒಂದು ಗಜ ದೂರದೊಳಗೆ ತಕ್ಕಮಟ್ಟಿಗೆ ನಡೆಯುತ್ತದೆ. ಕ್ಷೌರದಂಗಡಿಯ ಕೂದಲು, ಮಿನುಗುವ ಪಟ್ಟಿ, ರೇಡಿಯೊ ಇವೆಲ್ಲ ಕೆಲವು ದಿನದ ಮಾತು. ಹತ್ತಿರ ಬಂದೊಡನೆ ನೀರು ಚಿಮ್ಮಿಸುವ ಸಾಧನ ಇನ್ನಷ್ಟು ದಿನ ನಡೆಯುತ್ತದೆ. ಕೆಡುಕಾಗುವುದಿಲ್ಲ ಎಂದು ತಿಳಿದ ಕೂಡಲೇ ಜಿಂಕೆ ಅದಕ್ಕೂ ಹೊಂದಿಕೊಳ್ಳುತ್ತದೆ.

ಉಳಿಯುವುದು ಬೇಲಿ.

ಬಿಳಿಬಾಲದ ಜಿಂಕೆ ಮನಸ್ಸು ಮಾಡಿದರೆ ಏಳಡಿ ಬೇಲಿಯನ್ನು ನೆಗೆಯಬಲ್ಲದು. ಆದ್ದರಿಂದ ತೋಟಗಾರಿಕೆ ಇಲಾಖೆಗಳು ಹೇಳುವ ಎತ್ತರ ಎಂಟಡಿ. ಆದರೆ ನೆಗೆಯುವುದು ಜಿಂಕೆಯ ಮೊದಲ ಆಯ್ಕೆಯಲ್ಲ. ಬೇಲಿ ಎದುರಾದರೆ ಮೊದಲು ಮೂತಿಯಿಂದ ಕೆಳಭಾಗ ಒತ್ತಿ ನೋಡುತ್ತದೆ, ಸಂದಿ ಹುಡುಕುತ್ತದೆ, ಅರ್ಧ ಅಡಿ ಜಾಗ ಸಿಕ್ಕರೂ ಅದನ್ನು ಹಿಗ್ಗಿಸಿ ನುಸುಳಲು ನೋಡುತ್ತದೆ. ದುಡ್ಡು ಸುರಿದು ಎಂಟಡಿ ಬಲೆ ಕಟ್ಟಿ, ಬುಡಕ್ಕೆ ಗೂಟ ಹೊಡೆಯದೆ ಬಿಟ್ಟ ತೋಟಗಳಿಗೆ ಜಿಂಕೆ ನುಗ್ಗುವುದು ಹೀಗೆ. ಮೇಲಿನ ಎರಡಡಿಗಿಂತ ಕೆಳಗಿನ ಅರ್ಧ ಅಡಿಯನ್ನು ಬಿಗಿ ಮಾಡುವುದು ಮುಖ್ಯ.

ಅದರ ಕಣ್ಣು, ಅದರ ಅನುಮಾನ ಎರಡನ್ನೂ ಬಳಸಿಕೊಳ್ಳುವ ಬೇಲಿಗಳೂ ಇವೆ. ಇಳಿಯುವ ಜಾಗ ಕಾಣದಿದ್ದರೆ ಜಿಂಕೆ ನೆಗೆಯಲು ಹಿಂಜರಿಯುತ್ತದೆ. ಹಾಗಾಗಿ ಹಲಗೆಯ ಆರಡಿ ಗೋಡೆ, ಆಚೆ ಕಾಣುವ ಎಂಟಡಿ ಬಲೆಯಷ್ಟೇ ಕೆಲಸ ಮಾಡುತ್ತದೆ. ಎತ್ತರಕ್ಕೂ ಉದ್ದಕ್ಕೂ ಒಟ್ಟೊಟ್ಟಿಗೆ ಜಿಗಿಯುವುದು ಅದಕ್ಕೆ ಕಷ್ಟ. ನಾಲ್ಕಡಿ ಎತ್ತರದ ಎರಡು ಬೇಲಿಗಳನ್ನು ನಾಲ್ಕೈದು ಅಡಿ ಅಂತರದಲ್ಲಿ ಕಟ್ಟಿದರೆ ನಡುವೆ ಸಿಕ್ಕಿಬೀಳುವ ಭಯಕ್ಕೆ ಹಿಂದೆ ಸರಿಯುತ್ತದೆ. ಇಕ್ಕಟ್ಟಾದ ಜಾಗಕ್ಕೂ ಇಳಿಯಲೊಲ್ಲದು. ಹತ್ತಡಿ ಅಗಲದ ಪಾತಿಯ ಸುತ್ತ ಐದಡಿ ಬೇಲಿ ಹಾಕಿ, ಒಳಗೆ ಚಪ್ಪರದ ಕೋಲುಗಳಿದ್ದರೆ, ಓಡಲು ಜಾಗವಿಲ್ಲದ ಆ ಅಂಗಳಕ್ಕೆ ಜಿಂಕೆ ಹಾರುವುದು ಅಪರೂಪ. ಸಣ್ಣ ಹಿತ್ತಲಿನವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿಯಿಲ್ಲ. ಒಂದು ಎಕರೆ ಸುತ್ತ ಯುದ್ಧ ಹೂಡುವ ಬದಲು ತಿನ್ನುವ ಬೆಳೆಯ ಪಾತಿಯೊಂದನ್ನು ಬಿಗಿಯಾಗಿ ಸುತ್ತುಗಟ್ಟಿ, ಹೊರಗೆ ಜಿಂಕೆಗೆ ಬೇಡವಾದ ಗಿಡಗಳನ್ನು ನೆಟ್ಟು, ಉಳಿದದ್ದರ ಆಸೆ ಬಿಡುವುದೇ ಸರಿಯಾದ ದಾರಿ. ಹೋಸ್ಟಾ ಬಿಟ್ಟುಕೊಟ್ಟರೆ ಅವರೆ ಉಳಿಯುತ್ತದೆ.

ಹಣ್ಣಿನ ತೋಟದವರಿಗೆ ಇನ್ನೊಂದು ಜಾಣ ಉಪಾಯವಿದೆ. ಒಂದೇ ಎಳೆ ವಿದ್ಯುತ್ ತಂತಿಯನ್ನು ಮೂರಡಿ ಎತ್ತರಕ್ಕೆ ಎಳೆದು, ಅಲ್ಲಲ್ಲಿ ಕಡಲೆಕಾಯಿ ಬೆಣ್ಣೆ ಸವರಿದ ಅಲ್ಯುಮಿನಿಯಂ ಹಾಳೆ ತೂಗುಬಿಡುತ್ತಾರೆ. ವಾಸನೆಗೆ ಬಂದು ಮೂತಿ ತಾಗಿಸಿದ ಜಿಂಕೆಗೆ ಜುಮ್ಮೆನ್ನುವ ಸಣ್ಣ ಆಘಾತ; ಪ್ರಾಣಕ್ಕೆ ಅಪಾಯವಿಲ್ಲ. ನೆಗೆದು ದಾಟಬಹುದಾದ ತಂತಿಯೇ ಆದರೂ, ಪೆಟ್ಟು ತಿಂದ ಜಿಂಕೆ ಅದರ ಹತ್ತಿರ ಬರುವುದಿಲ್ಲ.

ಬೇಲಿ ಜಿಂಕೆಯನ್ನು ಕೊಲ್ಲಬಾರದು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಮೇಲ್ತುದಿಯಲ್ಲಿ ಭರ್ಜಿಯಂಥ ಮೊನೆಗಳಿರುವ ಕಬ್ಬಿಣದ ಬೇಲಿಗಳನ್ನು ನೆಗೆಯಲು ಹೋಗಿ ಹೊಟ್ಟೆ ಸಿಗಿದುಕೊಂಡು ಸಾಯುವ ಜಿಂಕೆಗಳಿವೆ. ಗಿಡಗಳ ಮೇಲೆ ಸಡಿಲವಾಗಿ ಹೊದಿಸಿದ ಬಲೆ, ಹಿತ್ತಲಲ್ಲಿ ಮರೆತ ಆಟದ ನೆಟ್ ಗಂಡಿನ ಕೊಂಬಿಗೆ ಸುತ್ತಿಕೊಂಡು ಅದು ದಿನಗಟ್ಟಲೆ ನರಳುತ್ತದೆ. ಬಲೆ ಕಟ್ಟುವುದಾದರೆ ಬಿಗಿಯಾಗಿ ಕಟ್ಟಬೇಕು. ಹೊಸ ಬೇಲಿಗೆ ಬಿಳಿ ಬಟ್ಟೆಯ ತುಂಡುಗಳನ್ನು ಕಟ್ಟಿ ಕಣ್ಣಿಗೆ ಕಾಣುವಂತೆ ಮಾಡಬೇಕು. ಜೂನ್‌ನಲ್ಲಿ ಹೂಗಿಡಗಳ ನಡುವೆ ಒಂಟಿ ಮರಿ ಮುದುಡಿ ಮಲಗಿದ್ದರೆ ಅದು ಅನಾಥವಲ್ಲ. ವಾಸನೆ ಹಿಡಿದು ಕಯೋಟಿ ಬಾರದಿರಲೆಂದು ತಾಯಿ ದೂರದಲ್ಲಿ ಮೇಯುತ್ತಾ, ದಿನಕ್ಕೆ ಕೆಲವೇ ಬಾರಿ ಬಂದು ಹಾಲೂಡಿಸಿ ಹೋಗುತ್ತದೆ. ಎತ್ತಿ ಒಳಗೆ ತಂದು ಹಾಲು ಕುಡಿಸುವವರ ಕರುಣೆಯೇ ಆ ಮರಿಯನ್ನು ತಾಯಿಯಿಂದ ಅಗಲಿಸುತ್ತದೆ.

ಗಿಡ ಹೋದರೆ ಮತ್ತೆ ನೆಡಬಹುದು. ಜಿಂಕೆಯ ಮೈಗೆ ಅಂಟಿ ಬರುವ ಉಣುಗಿನ ವಿಷಯ ಹಾಗಲ್ಲ. 1975ರಲ್ಲಿ ಕನೆಕ್ಟಿಕಟ್‌ನ ಲೈಮ್ ಎಂಬ ಊರಿನ ಸುತ್ತ ಮಕ್ಕಳಿಗೆ ಕೀಲು ಬಾವು ಬರುವುದನ್ನು ಕಂಡ ತಾಯಂದಿರು ವೈದ್ಯರ ಬೆನ್ನು ಬಿದ್ದರು. 1982ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಎಂಬ ವಿಜ್ಞಾನಿ ಉಣುಗಿನ ಹೊಟ್ಟೆಯಲ್ಲಿ ಆ ಕಾಯಿಲೆಯ ಬ್ಯಾಕ್ಟೀರಿಯಾ ಇರುವುದನ್ನು ತೋರಿಸಿದರು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 4,76,000 ಜನ ಲೈಮ್ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಾರೆಂದು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಅಂದಾಜು. ಇದರಲ್ಲಿ ಜಿಂಕೆಯ ಪಾತ್ರವನ್ನು ಸರಿಯಾಗಿ ತಿಳಿಯಬೇಕು. ಬ್ಯಾಕ್ಟೀರಿಯಾ ಉಣುಗಿಗೆ ಅಂಟುವುದು ಮುಖ್ಯವಾಗಿ ಬಿಳಿಗಾಲಿನ ಇಲಿಯಿಂದ, ಜಿಂಕೆಯಿಂದಲ್ಲ. ಆದರೆ ದೊಡ್ಡ ಉಣುಗು ಕೊನೆಯ ಬಾರಿ ರಕ್ತ ಹೀರಿ ಮೊಟ್ಟೆಯಿಡಲು ಬೇಕಾದ ದೊಡ್ಡ ಪ್ರಾಣಿ ಜಿಂಕೆ. ಜಿಂಕೆ ಹೆಚ್ಚಿದಲ್ಲಿ ಉಣುಗು ಹೆಚ್ಚುತ್ತದೆ. ಮೇನ್ ರಾಜ್ಯದ ಮೊನ್ಹೆಗನ್ ದ್ವೀಪದಲ್ಲಿ 1996ರಿಂದ 1999ರೊಳಗೆ ಜಿಂಕೆಗಳನ್ನು ಪೂರ್ತಿ ಇಲ್ಲವಾಗಿಸಿದಾಗ ಕೆಲವೇ ವರ್ಷಗಳಲ್ಲಿ ಈ ಉಣುಗು ಕಾಣುವುದೇ ನಿಂತುಹೋಯಿತು. ದ್ವೀಪವಲ್ಲದ ಕಡೆ ಅರೆಬರೆ ಕಡಿಮೆ ಮಾಡಿದಾಗ ಅಂಥ ಫಲ ಸಿಕ್ಕಿಲ್ಲ. ಮಲೆನಾಡಿನವರಿಗೆ ಈ ಎಚ್ಚರ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಉಣುಗಿನಿಂದಲೇ ಹರಡುವಂಥದ್ದು, ಕಾರಣ ವೈರಸ್ ಎಂಬುದಷ್ಟೇ ವ್ಯತ್ಯಾಸ. ಲೈಮ್ ಹರಡುವ ಎಳೆಯ ಉಣುಗು ಗಸಗಸೆಯಷ್ಟೇ ದಪ್ಪ. ತೋಟದ ಕೆಲಸ ಮುಗಿಸಿ ಬಂದವರು ಮಂಡಿಯ ಹಿಂದೆ, ಕಂಕುಳಲ್ಲಿ, ಕೂದಲಿನ ಬುಡದಲ್ಲಿ ಹುಡುಕಿ, ಅದು ಕಂಡರೆ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆದು ತೆಗೆಯಬೇಕು. ಸುತ್ತ ಕೆಂಪು ಹರಡಿದರೆ ವೈದ್ಯರ ಬಳಿ ಹೋಗಲು ತಡಮಾಡಬಾರದು.

ಒಬ್ಬರ ಬೇಲಿ ಜಿಂಕೆಯನ್ನು ಪಕ್ಕದ ಮನೆಗೆ ಕಳಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಜಿಂಕೆಗೆ ಗುದ್ದುವ ವಾಹನಗಳ ಸಂಖ್ಯೆ ಅಮೆರಿಕದಲ್ಲಿ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ; ಬೆದೆಗೆ ಬಂದ ಗಂಡುಗಳು ಎಗ್ಗಿಲ್ಲದೆ ಓಡಾಡುವ ನವೆಂಬರ್ ಅದರಲ್ಲಿ ಕೆಟ್ಟ ತಿಂಗಳು. ಕಾಡಿಗೂ ಪೆಟ್ಟಿದೆ. ಓಕ್ ಸಸಿ ಮಂಡಿಯೆತ್ತರ ಬೆಳೆಯುವ ಮೊದಲೇ ಮುಗಿಯುತ್ತದೆ, ಟ್ರಿಲಿಯಂ ಹೂಗಳು ಕಡಿಮೆಯಾಗುತ್ತವೆ, ಜಿಂಕೆ ಮುಟ್ಟದ ಪರದೇಶದ ಮುಳ್ಳುಗಿಡಗಳು ನೆಲ ತುಂಬುತ್ತವೆ, ಪೊದೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ಜಾಗವಿಲ್ಲವಾಗುತ್ತದೆ. ತೋಳಗಳನ್ನು ಕೊಂದ ಮೇಲೆ ಬೆಟ್ಟಗಳು ಜಿಂಕೆಯಿಂದ ಬೋಳಾಗುವುದನ್ನು ಅಮೆರಿಕದ ವನ್ಯಜೀವಿ ಚಿಂತಕ ಆಲ್ಡೊ ಲಿಯೊಪೋಲ್ಡ್ 1949ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲೇ ಎಚ್ಚರಿಸಿದ್ದ. ಹಾಗಾಗಿ ಜಿಂಕೆಯ ಲೆಕ್ಕ ಇಡೀ ಊರು ಕೂತು ಮಾತಾಡಬೇಕಾದ ವಿಷಯ. ಊರು ಕೂತಾಗಲೇ ಜಗಳ.

ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಟೌನ್‌ಶಿಪ್ 2001ರಲ್ಲಿ ಪರಿಣತ ಗುರಿಕಾರರನ್ನು ಕರೆಸಿ ರಾತ್ರಿ ಹೊತ್ತು ಜಿಂಕೆಗಳನ್ನು ಕೊಲ್ಲಿಸತೊಡಗಿತು. ಪ್ರತಿಭಟನೆ ನಡೆಯಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಡಿಸ್ನಿಯ ‘ಬ್ಯಾಂಬಿ’ 1942ರಲ್ಲಿ ಬಂದಾಗಿನಿಂದ ಬಿಳಿಬಾಲದ ಮರಿಯ ಮುಖ ಅಮೆರಿಕದ ಮಕ್ಕಳ ಮನಸ್ಸಿನಲ್ಲಿ ಉಳಿದಿದೆ. ತಾಯಿಯನ್ನು ಬೇಟೆಗಾರ ಕೊಂದ ದೃಶ್ಯವೂ ಉಳಿದಿದೆ. ಹಡ್ಸನ್ ನದಿ ದಡದ ಹೇಸ್ಟಿಂಗ್ಸ್ ಎಂಬ ಊರು ಕೊಲ್ಲಲೊಲ್ಲದೆ, ಹೆಣ್ಣು ಜಿಂಕೆಗಳಿಗೆ ಗರ್ಭ ನಿಲ್ಲದಂತೆ ಮಾಡುವ ಚುಚ್ಚುಮದ್ದು ಕೊಡಿಸಿತು. ನ್ಯೂಯಾರ್ಕ್ ನಗರದ ಸ್ಟೇಟನ್ ಐಲ್ಯಾಂಡ್‌ಗೆ ನ್ಯೂಜೆರ್ಸಿಯಿಂದ ಜಿಂಕೆಗಳು ನೀರಿನಲ್ಲಿ ಈಜಿ ಬಂದವು ಎನ್ನುತ್ತಾರೆ. ಅಲ್ಲಿ 2014ರ ವಿಮಾನ ಸಮೀಕ್ಷೆಯಲ್ಲಿ 763 ಕಂಡವು; 2016ರಿಂದ ನಗರ ಗಂಡುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿತು. ಮರಿಗಳ ಸಂಖ್ಯೆ ಇಳಿದದ್ದು ನಿಜ. ಖರ್ಚು ದೊಡ್ಡದು, ಇಳಿಕೆ ನಿಧಾನ, ಹೊರಗಿನಿಂದ ಹೊಸ ಜಿಂಕೆ ಬಾರದ ಕಡೆಗಷ್ಟೇ ಇದು ಹೊಂದುತ್ತದೆ. ಬೇಟೆಯನ್ನು ಒಪ್ಪದವರೂ ಒಪ್ಪುವವರೂ ಒಂದು ವಿಷಯದಲ್ಲಿ ಕೂಡಬಹುದು: ಜಿಂಕೆಗೆ ಕಾಳು ಹಾಕುವುದನ್ನು ನಿಲ್ಲಿಸುವುದು. ನ್ಯೂಯಾರ್ಕ್ ರಾಜ್ಯದಲ್ಲಿ ಅದು ಕಾನೂನಿಗೂ ವಿರುದ್ಧ. ಜೋಳ ಸುರಿದ ಕಡೆ ಜಿಂಕೆಗಳು ಮೂತಿಗೆ ಮೂತಿ ತಾಗಿಸಿ ತಿನ್ನುತ್ತವೆ. 1967ರಲ್ಲಿ ಕೊಲರಾಡೋದಲ್ಲಿ ಮೊದಲು ಗಮನಕ್ಕೆ ಬಂದ, ಮೆದುಳು ಸವೆಸಿ ಕೊಲ್ಲುವ ರೋಗದಂಥವು ಹರಡಲು ಅಷ್ಟು ಸಾಕು. ಪ್ರೀತಿಯಿಂದ ಹಾಕಿದ ಹಿಡಿ ಕಾಳು ಇಡೀ ಬೀದಿಯ ತೋಟಗಳಿಗೂ, ಜಿಂಕೆಗೂ ಕೇಡು.

ನಮ್ಮ ಚುಕ್ಕೆ ಜಿಂಕೆಯೂ ಪರದೇಶದಲ್ಲಿ ಇದೇ ತಕರಾರಿಗೆ ಸಿಕ್ಕಿದೆ. 1868ರ ಹೊತ್ತಿಗೆ ಹವಾಯಿಯ ದೊರೆ ಐದನೇ ಕಮೆಹಮೆಹನಿಗೆ ಉಡುಗೊರೆಯಾಗಿ ಬಂದ ಕೆಲವು ಚುಕ್ಕೆ ಜಿಂಕೆಗಳನ್ನು ಮೊಲೊಕಾಯ್ ದ್ವೀಪದಲ್ಲಿ ಬಿಟ್ಟರು. ಮುಂದೆ ಮಾವಿ ದ್ವೀಪಕ್ಕೂ ಒಯ್ದರು. ಹುಲಿಯಿಲ್ಲ, ಚಿರತೆಯಿಲ್ಲ, ಸೀಳುನಾಯಿಯಿಲ್ಲ. ವರ್ಷದ ಎಲ್ಲ ಕಾಲದಲ್ಲೂ ಮರಿ ಹಾಕುವ ಪ್ರಾಣಿ. ಮಾವಿಯಲ್ಲಿ ಅವು ಈಗ ಹತ್ತಾರು ಸಾವಿರ. ಬರಗಾಲ ಬಂದಾಗ ಹಿಂಡು ಹಿಂಡಾಗಿ ಹೊಲ, ಹುಲ್ಲುಗಾವಲು, ಮನೆಯಂಗಳಗಳಿಗೆ ಇಳಿದು, ಸರ್ಕಾರ ತುರ್ತುಸ್ಥಿತಿ ಘೋಷಿಸುವಂತಾಯಿತು.

ಅದೇ ಚುಕ್ಕೆ ಜಿಂಕೆ ನಾಗರಹೊಳೆಯಲ್ಲಿ ಕಾಡಿನ ಆಧಾರ. ಉಲ್ಲಾಸ ಕಾರಂತ ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಅಧ್ಯಯನ ಅಲ್ಲಿ ಹುಲಿ, ಚಿರತೆ, ಸೀಳುನಾಯಿಗಳು ಯಾವ ಪ್ರಾಣಿಗಳನ್ನು ಆಯ್ದು ಹಿಡಿಯುತ್ತವೆ ಎಂಬುದನ್ನು ವಿವರಿಸಿತು. ಚುಕ್ಕೆ ಜಿಂಕೆ, ಕಡವೆಗಳು ಆ ಪಟ್ಟಿಯಲ್ಲಿ ಮುಖ್ಯವಾದವು. ತಿನ್ನುವವರು ಇರುವ ಕಾಡಿನಲ್ಲಿ ಜಿಂಕೆ ಒಂದೇ ಕಡೆ ನಿಂತು ಮೇಯುವುದಿಲ್ಲ. ಹಾಗೆಂದು ಕೊಡಗು, ಮಲೆನಾಡಿನ ಕಾಡಂಚಿನ ಮನೆಗಳಿಗೆ ತೊಂದರೆ ಇಲ್ಲವೆಂದಲ್ಲ. ಕಡವೆ, ಕಾಡುಕುರಿ ಹಿತ್ತಲಿಗೆ ಬರುತ್ತವೆ, ಅವುಗಳ ಜಾಡು ಹಿಡಿದು ಚಿರತೆಯೂ ಬರಬಹುದು. ಬಯಲುಸೀಮೆಯ ಗದಗ, ಕೊಪ್ಪಳ, ಹಾವೇರಿ ಕಡೆ ಹೆಸರು, ಶೇಂಗಾ ಮೊಳಕೆಗೆ ಬರುವ ಕೃಷ್ಣಮೃಗ, ಜನ ಜಿಂಕೆಯೆಂದೇ ಕರೆದರೂ, ವರ್ಷ ವರ್ಷ ಕೊಂಬು ಉದುರಿಸುವ ಜಿಂಕೆಯ ಕುಲದ್ದಲ್ಲ. ಅದನ್ನು ತಡೆಯಲು ರೈತರು ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ. ಆಚೆ ಏನಿದೆಯೆಂದು ಕಾಣದ ಪ್ರಾಣಿಯ ಅನುಮಾನವನ್ನು ಬಳಸಿಕೊಳ್ಳುವ ಈ ಉಪಾಯ ಅಮೆರಿಕದ ಹಲಗೆ ಗೋಡೆಯ ಹಿಂದಿನ ಲೆಕ್ಕವೇ, ಖರ್ಚು ಮಾತ್ರ ಏನೂ ಇಲ್ಲ. ಮಲೆನಾಡಿನಲ್ಲಿ ಐಬೆಕ್ಸ್ ಎಂದು ಕರೆಯುವ ವಿದ್ಯುತ್ ಬೇಲಿಯೂ ಅದೇ ಜುಮ್ಮೆನ್ನಿಸುವ ಬಗೆಯದು. ಕಂಬದ ಕರೆಂಟನ್ನು ನೇರ ತಂತಿಗೆ ಕೊಡುವುದು ಬೇರೆಯೇ ಮಾತು. ಅದು ಅಪರಾಧ, ಜಿಂಕೆಯ ಜೊತೆ ಆನೆಯನ್ನೂ ಮನುಷ್ಯರನ್ನೂ ಕೊಂದಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆಗೆ ಅವಕಾಶವೇ ಇಲ್ಲದಿರುವುದರಿಂದ ಇಲ್ಲಿನ ಹಿತ್ತಲಿಗೆ ಬೇಲಿಯೊಂದೇ ದಾರಿ, ನಾಯಿಯ ಬೊಗಳುವಿಕೆ ಅದಕ್ಕೆ ಬೆಂಬಲ.

ನ್ಯೂಜೆರ್ಸಿಯ ಹಿತ್ತಲಿಗೆ ಮರಳಿದರೆ, ಕೆಲಸಗಳಿಗೆ ಕಾಲ ನೋಡಿಕೊಳ್ಳುವುದು ಒಳಿತು. ಬೇಲಿ ಏಳಬೇಕಾದದ್ದು ಮಾರ್ಚ್‌ನಲ್ಲಿ, ಬಿತ್ತುವ ಮೊದಲು. ಒಮ್ಮೆ ಬಟಾಣಿಯ ರುಚಿ ಕಂಡ ಜಿಂಕೆ ಅದೇ ಪಾತಿಗೆ ದಾರಿ ಮಾಡಿಕೊಂಡಿರುತ್ತದೆ, ಆಮೇಲೆ ಬೇಲಿ ಕಟ್ಟಿದರೆ ಅದನ್ನು ಮುರಿಯಲು ನೋಡುತ್ತದೆ. ಏಪ್ರಿಲ್‌ನಲ್ಲಿ ಹಿಮದ ಭಾರಕ್ಕೆ ಜೋತ ಬಲೆಯನ್ನು ಎಳೆದು ಕಟ್ಟಿ, ಬುಡದ ಗೂಟಗಳನ್ನು ಒಂದೊಂದಾಗಿ ಅಲುಗಿಸಿ ನೋಡಬೇಕು. ಆಗಸ್ಟ್ ಕೊನೆಯ ಹೊತ್ತಿಗೆ ಗಂಡುಗಳ ಕೊಂಬಿನ ಮೇಲಿನ ಮಖಮಲ್ಲಿನಂಥ ಚರ್ಮ ಸುಲಿಯತೊಡಗುತ್ತದೆ. ಅಲ್ಲಿಂದ ಡಿಸೆಂಬರ್ ತನಕ ಅವು ಕೊಂಬು ತಿಕ್ಕಲು ಹುಡುಕುವುದು ಎರಡು-ಮೂರು ಅಂಗುಲ ದಪ್ಪದ ನಯವಾದ ಎಳೆ ಮರಗಳನ್ನು; ಕಾಂಡದ ಸುತ್ತ ತೊಗಟೆ ಪೂರ್ತಿ ಸುಲಿದರೆ ಮರ ಉಳಿಯದು. ಹೊಸದಾಗಿ ನೆಟ್ಟ ಸೇಬು, ಅಂಜೂರ, ಮೇಪಲ್‌ಗಳ ಕಾಂಡಕ್ಕೆ ಬುಡದಿಂದ ನಾಲ್ಕೈದು ಅಡಿಯವರೆಗೆ ತಂತಿಜಾಲರಿಯ ಕೊಳವೆಯನ್ನು, ತೊಗಟೆಗೆ ತಾಗದಂತೆ, ಸೆಪ್ಟೆಂಬರ್ ಹುಟ್ಟುವ ಮೊದಲೇ ಸುತ್ತಿಟ್ಟಿರಬೇಕು.